ನಾಲ್ಕನೇ ಕೌಂಟರು

ಮಹಾರಾಜ ಪಾರ್ಕಿನ ಗೇಟಿಗೆ ಹತ್ತೂವರೆಗೆ ಬನ್ನಿ ಅಂದಿದ್ದರು.
ಹನ್ನೊಂದಾದರೂ ತಮಟೆಯವರ ಸುಳಿವಿಲ್ಲ.
ಅರ್ಧ ಮೆರವಣಿಗೆ ಚುರುಮುರಿ ಗಾಡಿಯ ಸುತ್ತ,
ಇನ್ನರ್ಧ, ಬ್ಯಾನರು ಬರೆದವನ ಹುಡುಕಾಟದಲ್ಲಿ:
'ನಮ್ಮ ಹೊಟ್ಟೆ ನಮ್ಮ ಹಕ್ಕಿ' ಅಂತ ಬರೆದಿದ್ದ ಪುಣ್ಯಾತ್ಮ.
ಸಬೀಹಾ ಅನ್ನುವ ಕಾಲೇಜು ಹುಡುಗಿ
ಗುಡಿಸು ಕೆರೆದು ಕೊಂಬು ತೀಡಿದಳು.
"ನೋಡ್ರೇ, ಹಕ್ಕಿಗೆ ಕೊಂಬು ಬಂತು!"
ನಗು ಪಾರ್ಕಿನ ಬೇಲಿ ಹಾರಿತು.

ನಾನು ನಗಲಿಲ್ಲ. ಎಲ್ಲರಿಗಿಂತ ಹಿಂದೆ,
ಬಿಸಿಲಿಲ್ಲದಿದ್ದರೂ ತಲೆ ಮೇಲೆ ಸೆರಗು.

ಹನ್ನೊಂದು ವರ್ಷ ನರ್ಸಿಂಗ್ ಹೋಮಿನ ನಾಲ್ಕನೇ ಕೌಂಟರು.
ಕಿಂಡಿಯಾಚೆ ಯಾವ ಮುಖವೇ ಬರಲಿ
ನನ್ನ ಬಾಯಲ್ಲಿ ಒಂದೇ ಮಾತು:
"ಗಂಡನ ಸಹಿ ಎಲ್ಲಮ್ಮ?"
ಕಾನೂನಲ್ಲಿ ಅದಿಲ್ಲ ಅಂತ ಮೊನ್ನೆ ಗೊತ್ತಾಯಿತು.
ಸುಳ್ಳು. ಏಳು ವರ್ಷದಿಂದ ಗೊತ್ತಿತ್ತು.
"ಕೇಳು, ನಾಳೆ ತಂಟೆ ಬೇಡ" ಅಂದಿದ್ದರು ಸಾಹೇಬರು.
ಕೇಳುತ್ತಿದ್ದೆ.
ಎಷ್ಟು ಜನ ಮರುಮಾತಿಲ್ಲದೆ
ಅರಕಲಗೂಡಿನ ಬಸ್ಸು ಹತ್ತಿದರೋ.
ಒಬ್ಬಳು ಮಾತ್ರ, ಅಲ್ಲೇ ಬೆಂಚಿನ ಮೇಲೆ,
ನನ್ನದೇ ಪೆನ್ನು ಇಸಕೊಂಡು
ಗಂಡನಾದಳು.
ಕಂಡೂ ಮೊಹರು ಒತ್ತಿದೆ.
ನನ್ನ ಲೆಕ್ಕದಲ್ಲಿ ಅದೊಂದೇ ಪುಣ್ಯ.

ತಮಟೆ ಬಂತು. ಬಂದದ್ದೇ ತಡ, ಕಾಲು ನಮ್ಮ ಮಾತು ಕೇಳಲಿಲ್ಲ.
ಬಿ.ಎಂ. ರಸ್ತೆ ತುಂಬ
"ಹೆರೋರು ಯಾರು?" "ನಾವೇ ನಾವೇ!"
"ಹೇಳೋರು ಯಾರು?" "ನಾವೇ ನಾವೇ!"
ಸಿಕ್ಕಿಬಿದ್ದ ಬಸ್ಸಿನ ಕಂಡಕ್ಟರಮ್ಮ
ಫುಟ್‌ಬೋರ್ಡಿನಲ್ಲಿ ನಿಂತು ತಾಳಕ್ಕೆ ಸೀಟಿ ಊದಿದಳು.
ಬೇಕರಿ ಕಟ್ಟೆಯ ಗಂಡಸರು
"ಯಾವ ಎಲೆಕ್ಷನ್ನು ಈಗ?" ಅಂದರು.
"ನಮ್ದು!" ಅಂತ ಯಾರೋ ಕೂಗಿದರು.

ಆಗ ಮುಂದಿನ ಸಾಲಿಂದ ತಿರುಗಿದಳು
ಬ್ಯಾನರಿನ ಕೋಲು ಹಿಡಿದ ಜವರಮ್ಮ.
"ನೀವು ನಾಕ್ನೇ ಕೌಂಟರ್ ಅಲ್ವ್ರಾ?"
ಎದೆಯೊಳಗೆ ತಮಟೆ ತಪ್ಪಿತು.
ಹೂಂ ಅಂದೆನೋ ಇಲ್ಲವೋ.
ಅವಳು ನೋಡಿದಳು. ತುಂಬ ಹೊತ್ತು ನೋಡಿದಳು,
ನಡೆಯುತ್ತಲೇ.
"ಮೂರ್ ಸಲ ತಿರುಗ್ಸಿದ್ರಿ ನನ್ನ" ಅಂದಳು.
ಆಮೇಲೆ: "ತಗಳಿ, ಹಿಡ್ಕಳಿ ಇದ. ಭುಜ ನೋಯ್ತದೆ."

ಕ್ಷಮೆಯೋ, ಕೂಲಿಯೋ, ಬರೀ ಭುಜದ ನೋವೋ.
ಹಿಡಿದೆ. ಗಾಳಿಗೆ ಬಟ್ಟೆ ಎಳೆದಾಡಿತು.
ಸೆರಗು ಜಾರಿತು, ಎಳೆದುಕೊಳ್ಳಲು ಕೈ ಇರಲಿಲ್ಲ.

ಡಿ.ಸಿ. ಆಫೀಸಿನ ಮೆಟ್ಟಿಲಲ್ಲಿ ಮನವಿಗೆ ಸಹಿ.
ಅಚ್ಚು ಹಾಕಿಸಿದ ಹಾಳೆ, ನಮ್ಮವರದೇ,
ಹೆಸರು. ಪಕ್ಕದಲ್ಲಿ: ತಂದೆ/ಗಂಡನ ಹೆಸರು.
ಒಂದು ಗಳಿಗೆ ಯಾರೂ ಮಾತಾಡಲಿಲ್ಲ.
ಆಮೇಲೆ ಸಬೀಹಾ ಬಿದ್ದೂ ಬಿದ್ದೂ ನಕ್ಕಳು,
ಪೇದೆ ಹುಡುಗಿಯೂ ಲಾಠಿಗೆ ಆತು ನಕ್ಕಳು,
ಈ ಸಲ ನಾನೂ.
ಪರ್ಸಿನಿಂದ ಪೆನ್ನು ತೆಗೆದೆ,
ಆ ಸಾಲಿನ ಮೇಲಿಂದ ಕೆಳಗೆ ಗೀಟೆಳೆದೆ,
ಗುಮಾಸ್ತೆಯ ಗೀಟು, ಸ್ಕೇಲಿಲ್ಲದೆಯೂ ನೆಟ್ಟಗೆ.

ಸೋಮವಾರ ಒಂಬತ್ತಕ್ಕೆ ಕಿಂಡಿ ತೆಗೆಯಬೇಕು.
ಪೆನ್ನು ಇದೇ.
ಬಾಯಿ?
ರಾತ್ರಿಯೆಲ್ಲ ಹೇಳಿ ನೋಡಿಕೊಂಡೆ, ಕನ್ನಡಿಗೆ, ಮೆಲ್ಲಗೆ:
"ನಿಮ್ಮ ಸಹಿ ಇಲ್ಲಿ ಹಾಕಮ್ಮ. ಸಾಕು."