ಆವಕ ಸಂಖ್ಯೆ ೨೧೧೭

ಹನ್ನೊಂದೂವರಿಗಿ ಮನವಿ ಪತ್ರ ಬಂತು.
ಜಗತ್ ವೃತ್ತದಿಂದ ನಡಕೋತ ಬಂದಾರ,
ಬಿಸಲು ನಲವತ್ಮೂರು,
ನಸೀಮಾ ಟೀಚರ್ ಛತ್ರಿ ಕೆಳಗ ನಾಕು ತಲಿ.
ಸಾಯಬಣ್ಣ ವಕೀಲರ ದನಿ ಒಡದು ಹೋಗ್ಯಾದ,
ಆದ್ರೂ ಒಂದೊಂದೇ ಶಬ್ದ ಬಿಡಿಸಿ ಹೇಳ್ಲಾಕತ್ತಾರ:
ಬಂಧನ ಕೇಂದ್ರ. ನಮ್ಮ ಊರಾಗ. ಬ್ಯಾಡ.
ಹಿಂದಿನಿಂದ ಯಾರೋ ತಿದ್ದಿದ್ರು:
ಯಾರ ಊರಾಗೂ ಬ್ಯಾಡ.

ಎಡಿಸಿ ಹೊನಗುಂಟಿ ಸಾಹೇಬ್ರು ಮೆಟ್ಟಲ ಇಳದು ಬಂದ್ರು.
ಅದು ದೊಡ್ಡ ಮಾತು. ಭಾಳ ಮಂದಿ ಇಳಿಯಂಗಿಲ್ಲ,
ಗೇಟಿಗಿ ತಹಶೀಲ್ದಾರನ್ನ ಕಳಸ್ತಾರ.
ಎರಡೂ ಕೈಲೆ ಕಾಗದ ತಗೊಂಡ್ರು,
ಪೇಪರಿನವರ ಫೋಟೋ ಮುಗಿಯೋತನಕಾ ಹಿಡಕೊಂಡು ನಿಂತ್ರು,
ಆಮ್ಯಾಲ ಅಂದ್ರು:
"ಇದು ಕೇಂದ್ರದ ವಿಷಯ ನೋಡ್ರಿ.
ನಮ್ದು ಬರೇ ಕಟ್ಟಡ."
"ಗ್ವಾಡಿ ನಿಮ್ದು, ಕೀಲಿ ಅವರ್ದು. ಹಂಗೇನ್ರಿ?"
ಅಂದಾಕಿ ಕಾಲೇಜಿನ ಹುಡುಗಿ ಇರಬೇಕು.
ಸಾಹೇಬ್ರು ಇವರಿಗಿ ನೀರು ತರಸ್ರಿ ಅಂದ್ರು.
ರಂಜಣಗಿ ನೀರು ಬಂತು. ಎಲ್ಲರೂ ಕುಡದ್ರು.
ನೀರಿಗಿ ಯಾರೂ ಧಿಕ್ಕಾರ ಅನ್ನಲಿಲ್ಲ.

ನಾ ಠಸ್ಸಿ ಹೊಡದೆ. ಸ್ವೀಕರಿಸಲಾಗಿದೆ.
ತಾರೀಖು ತಿರುವೋ ಗಾಲಿ ಸವದಾದ,
ಏಪ್ರಿಲ್ ಅನ್ನೋದು ಅರ್ಧಾನೇ ಮೂಡ್ತದ.

ಕಟ್ಟಡ.
ಆಳಂದ ರಸ್ತಾದ ಕಡಿಗಿ, ತೊಗರಿ ಹೊಲಕ್ಕ ಬೆನ್ನು ಕೊಟ್ಟು ನಿಂತದ.
ಕಡತದಾಗ ಅದರ ಹೆಸರು
"ಬಳಕೆಯಲ್ಲಿಲ್ಲದ ಬಾಲಕಿಯರ ವಸತಿ ನಿಲಯ."
ಬಳಕೆದಾಗ ಇದ್ದಾಗ
ಅದರ ಆರನೇ ಖೋಲ್ಯಾಗ ನಾ ಇದ್ದೆ.
ನಾನು, ನೀಲಗಂಗಾ, ಚಿತ್ತಾಪುರದ ಇಬ್ಬರು ಅಕ್ಕತಂಗೇರು.
ಬ್ಯಾಸಗಿಗಿ ಫರಸಿ ಮ್ಯಾಲ ನೀರು ಚೆಲ್ಲಿ
ಹಸಿ ನೆಲಕ್ಕ ಬೆನ್ನು ಹಚ್ಚತಿದ್ವಿ.
ವಾರ್ಡನ್ ಕಾಶಿಬಾಯಿ ಸಂಜಿ ಏಳಕ್ಕ ಕೀಲಿ ಹಾಕ್ತಿದ್ಳು.
ಸಿಟ್ಟು ಬರ್ತಿತ್ತು.
ಮುಂಜಾನಿ ಆರಕ್ಕ ತೆಗಿತಿದ್ಳು.
ಅದನ್ನ ನಾವು ಲೆಕ್ಕಕ್ಕೇ ಹಿಡಿದಿದ್ದಿಲ್ಲ.

ಇಂಜಿನಿಯರ್ ವರದಿನೂ ನನ್ನ ಟೇಬಲ್ ಮ್ಯಾಲೇ ಬಂದದ:
ಕಾಂಪೌಂಡ್: ಐದರಿಂದ ಹತ್ತು ಅಡಿಗೆ ಏರಿಸುವುದು.
ಕಾವಲು ಕೋಣೆ: ಹೊಸದು.
ಕಿಟಕಿ: ಇಪ್ಪತ್ತೆರಡು. ಸರಳು: ಈಗಾಗಲೇ ಇವೆ.
ಗೋಡೆಯ ಮೇಲೆ ಗಾಜಿನ ಚೂರು: ಈಗಾಗಲೇ ಇವೆ.
ಉಳಿತಾಯ: ಒಂದು ಲಕ್ಷ ನಲವತ್ತು ಸಾವಿರ.

ಪುಂಡ ಹುಡುಗರು ಜಿಗಿಬಾರದಂತ ಹಚ್ಚಿದ ಗಾಜು ಅದು,
ನಮ್ಮನ್ನ ಕಾಯಲಾಕ.
ಹೊರಗಿನವರಿಗಿ ಚುಚ್ಚಬೇಕೋ ಒಳಗಿನವರಿಗೋ,
ಗಾಜಿಗಿ ಹೆಂಗ ತಿಳೀಬೇಕು.

ಅದೇ ಕಡತದ ಮೂರನೇ ಪುಟ, ಅಂಚಿನಾಗ,
ಪೆನ್ಸಿಲ್ಲಿಲೆ ಸಾಹೇಬ್ರ ಸಣ್ಣ ಅಕ್ಷರ:
"ಕೂಸುಗಳಿದ್ದರೆ?"
ಬೆಂಗಳೂರಿಗಿ ಹೋಗಿ ತಿರುಗಿ ಬಂದದ ಕಡತ.
ಮುಂದಿನ ಪುಟಕ್ಕೆಲ್ಲ ಸಹಿ ಅದಾವ,
ಆ ಅಂಚಿಗಿ ಯಾರ ಬೆರಳೂ ತಾಕಿಲ್ಲ.

ಶಿರಸ್ತೇದಾರ್ ಇಮಾಮಸಾಬ್ ಅಂದ್ರು:
"ಅದನ್ನ ಅಳಸಿ, ಸ್ವಚ್ಛ ಪ್ರತಿ ಮಾಡವ್ವ."
ಮಾರಿ ಮ್ಯಾಲ ಎತ್ತಲಿಲ್ಲ.
ಅವರ ಅಜ್ಜನ ಉರ್ದು ಕಾಗದ, ನಿಜಾಮರ ಕಾಲದ್ದು,
ಎರಡು ವರ್ಷ ಆತು, ಟ್ರಂಕಿನಾಗ ಹುಡಕಲಾಕತ್ತಾರ.
ಅರ್ಧ ಸಿಕ್ಕದ. ಅರ್ಧ ಗೆದ್ಲು ತಿಂದದ.

ನಾ ಉತ್ತರ ಟೈಪ್ ಮಾಡದೆ.
"ಸದರಿ ವಿಷಯವು ಕೇಂದ್ರ ಸರ್ಕಾರದ ವ್ಯಾಪ್ತಿಗೆ
ಒಳಪಡುವುದರಿಂದ..."
ಬೆರಳಿಗಿ ಇದು ಬಾಯಿಪಾಠ ಅದ.
ಆಮ್ಯಾಲ ಸ್ವಚ್ಛ ಪ್ರತಿ. ಒಂದು, ಎರಡು, ಐದರತನಕಾ ಅಂಶ.
ಆರನೇದ್ದು ನಾನೇ ಹಚ್ಚದೆ:
೬. ಕೂಸುಗಳಿದ್ದರೆ?
ಕೇಳಿದ್ರ ಟೈಪಿಂಗ್ ತಪ್ಪು ಅಂತಿದ್ದೆ.

ಕೇಳಲಿಲ್ಲ.
ಸಾಹೇಬ್ರು ಓದಿದ್ರು. ಪೆನ್ನಿನ ಟೊಪ್ಪಿಗಿ ತೆಗದ್ರು,
ಕೂಲರ್ ಒಂದು ಸುತ್ತು ಗರ್ ಅಂದು ನಿಂತು ಮತ್ತ ಶುರು ಆತು,
ಟೊಪ್ಪಿಗಿ ಹಾಕಿದ್ರು.
ಎಡಕ್ಕಿದ್ದ ಗುಂಪಿನಾಗ ಕಡತ ಸರಿಸಿದ್ರು.
ಸಂಜಿಗಿ ತೆಗದು ನೋಡದೆ:
"ಚರ್ಚಿಸಿ."
ಅದೂ ಪೆನ್ಸಿಲ್ಲಿಲೇ.

ಇವತ್ತಿಗಿ ಹದಿನೇಳು ದಿನ.
ಗ್ವಾಡಿ ಇನ್ನಾ ಐದೇ ಅಡಿ ಅದ.