ಮುಂದ ಅಳಿಯ, ಹಿಂದ ಹಮಾಲ

ಮಹಾಲಿಂಗಪುರದ ಬೆಲ್ಲದ ಪ್ಯಾಟಿ ಹಿಂದ
ರಾಜೇಸಾಬನ ತಗಡಿನ ಶೆಡ್ಡು.
ಎಪ್ಪತ್ತೆರಡನೇ ಇಸ್ವಿಯ ಅಂಬಾಸಿಡರ್ ಬೆನ್ನಮ್ಯಾಲೆ
ಖಡು ಹಿಡದು ಗೆರಿ ಎಳದ:
"ಇಲ್ಲೇ ಕೊಯ್ಯಲೇನ್ರಿ?"
ಕೈ ನಡುಗಿತು. ನಂದು, ಅವಂದಲ್ಲ.
ಗ್ರೈಂಡರ್ ಕಿಡಿ ಹಾರಿದ್ದಕ್ಕ
ಶೆಡ್ಡಿನ ಬೆಕ್ಕು ಮೂರು ದಿನ ಬರಲಿಲ್ಲ.

ಹಿಂದಿನ ಸೀಟು ಈಗ ಶೆಡ್ಡಿನ ಸೋಫಾ.
ಚಾ ಕುಡ್ಯಾಕ ಬಂದವರು ಅದರಮ್ಯಾಲೇ ಕುಂತು
ನನಗ ಬುದ್ಧಿ ಹೇಳ್ತಾರ:
"ಇದ್ದ ಕಾರು ಕೆಡಿಸಿದೆಲ್ಲೋ ಈರಸಂಗಪ್ಪಾ,
ಈ ರೊಕ್ಕಕ್ಕ ಹೊಸಾ ಟೆಂಪೋನ ಬರತಿತ್ತು."

ಬರತಿತ್ತು.
ಟೆಂಪೋಕ್ಕ ಈ ದುಂಡನ ಗಲ್ಲ ಎಲ್ಲಿಂದ ತರಲಿ?
ಸ್ಟೇರಿಂಗಿನ ಕೊರಳಾಗ ಕುಂತ ಈ ಗೇರು,
ಎರಡು ಸಲ ಕ್ಲಚ್ ಒತ್ತಿ ಬೇಡಿಕೊಂಡರಷ್ಟ
ಒಂದನೇದಕ್ಕ ಬೀಳೋ ಅದರ ಸೊಕ್ಕು?

ಡಾಲಿಗೆ ಸಾಗವಾನಿ ಹಲಿಗಿ,
ಮುಚ್ಚಿದ ಟಾಕೀಜಿನ ಬಾಲ್ಕನಿಯವು;
ಒಂದರ ಮ್ಯಾಲೆ ಇನ್ನೂ ಐತಿ: ಸಿ-೧೪.
ಅದನ್ನ ಅಳಿಸಬ್ಯಾಡ ಅಂದೆ.

"ಬಣ್ಣ?"
"ಪಾಕ ಇಳಿಸೋ ಹೊತ್ತಿನ ಬೆಲ್ಲದ್ದು."
ರಾಜೇಸಾಬ ಒಂದು ಪೆಂಟಿ ತರಿಸಿ ಬೆಳಕಿಗೆ ಹಿಡದ,
ಚೂರು ಮುರದು ಬಾಯಾಗ ಹಾಕ್ಕೊಂಡ,
ಆಮ್ಯಾಲೆ ಡಬ್ಬಿ ತಗದ.
ಮೂರು ರಾತ್ರಿ ಕಲಸಿದ. ಅರ್ಧ ಪೆಂಟಿ ಖಾಲಿ.

ಜಮಖಂಡಿ ಆಫೀಸಿನ ಅಂಗಳದಾಗ
ಸಾಹೇಬ ಎರಡು ಸುತ್ತು ಹಾಕಿದ.
"ಏನಂತ ಬರಕೊಳ್ಳಲಿ ಇದನ್ನ?"
"ಮುಂದ ಅಳಿಯ, ಹಿಂದ ಹಮಾಲರಿ."
ಅವ ನಗಲಿಲ್ಲ.
ಬರೇ ಕಾಗದ ತಿರುವಿದ, ಬಾಲ್ಯಾಗಿನ ತಪ್ಪು ಹುಡುಕಿದಂಗ.
ಪೆನ್ನಿನ ಟೊಪ್ಪಿಗಿ ತಗದ, ಮತ್ತ ಹಾಕಿದ.
ಆಕಡೆ ಈಕಡೆ ನೋಡಿ, ಸಣ್ಣ ದನ್ಯಾಗ:
"ಚಾವಿ ಕೊಡ್ರಿ ಇಲ್ಲೆ.
ಆ ಬೇವಿನಗಿಡದ ತನಕ ಅಷ್ಟ."