ಎರಡು ಬೀಗದ ಕಪಾಟು

ಮಾರ್ಫಿನ್ ಇಡುವ ಕಪಾಟಿಗೆ ಎರಡು ಬೀಗ.
ತೆರೆಯಲು ಇಬ್ಬರು ನರ್ಸುಗಳು ಬೇಕು.
ಒಬ್ಬಳು ಗಟ್ಟಿಯಾಗಿ ಓದಬೇಕು, ಇನ್ನೊಬ್ಬಳು ಕೇಳಬೇಕು.
ಅಬರ್ಡೀನಿನ ಈ ಆಸ್ಪತ್ರೆಯಲ್ಲಿ ಅದೇ ನಿಯಮ,
ರಾತ್ರಿ ಮೂರು ಗಂಟೆಗೂ,
ಕಿಟಕಿಯಾಚೆ ಕಡಲ ಮಂಜು
ದಕ್ಕೆಯ ದೀಪಗಳನ್ನು ಒಂದೊಂದಾಗಿ ಒರೆಸಿ ಹಾಕಿದಾಗಲೂ.

ನನ್ನ ಹೆಸರು ಮೊರ್ವೆನ್.
ಬರೆಯುವುದು ಸುಲಭ.
ಯಾರಾದರೂ ಹೆಸರು ಕೇಳಿದರೆ
ಎದೆಯ ಮೇಲಿನ ಬಿಲ್ಲೆಯನ್ನು ಮುಂದೆ ಚಾಚುತ್ತೇನೆ,
ಬೇಕಾದರೆ ಓದಿಕೊಳ್ಳಲಿ ಎಂಬಂತೆ.
ಮ ಎನ್ನಲು ತುಟಿ ಎರಡೂ ಸೇರಬೇಕು. ಸೇರುತ್ತವೆ.
ಆಮೇಲೆ ಬಿಡಬೇಕು.
ಬಿಡುವುದಿಲ್ಲ.

ಉಗ್ಗುವವರು ಕಳ್ಳದಾರಿ ಬಲ್ಲವರು.
ಬಸ್ಸಿನಲ್ಲಿ ‘ಮ್ಯಾಸ್ಟ್ರಿಕ್’ ಎನ್ನಲಾಗದೆ
ಮುಂದಿನ ಸ್ಟಾಪಿಗೆ ಟಿಕೆಟ್ ಕೊಂಡು
ಅಷ್ಟೂ ದೂರ ಹಿಂದಕ್ಕೆ ನಡೆದಿದ್ದೇನೆ.
ಮ್ಯಾಕೆರೆಲ್ ತಿನ್ನಬೇಕೆನಿಸಿದ ದಿನ ಹ್ಯಾಡಕ್ ಕೊಂಡಿದ್ದೇನೆ.
‘ಮಂಡೇ’ ಬಾರದೆ ‘ಭಾನುವಾರ ಕಳೆದ ಬೆಳಿಗ್ಗೆ’ ಎಂದಿದ್ದೇನೆ,
ಕೇಳಿದವರು ನನ್ನನ್ನು ಕವಿ ಎಂದುಕೊಂಡರು.

ಔಷಧಿಗೆ ಮಾತ್ರ ಕಳ್ಳದಾರಿಯಿಲ್ಲ.
ಬೇರೆ ಹೆಸರು ಕರೆದರೆ ಬೇರೆ ಸೀಸೆ ಕೈಗೆ ಬರುತ್ತದೆ,
ಒಬ್ಬ ಮನುಷ್ಯ ಉಸಿರಾಡುವುದನ್ನು ಮರೆಯುತ್ತಾನೆ.

ಸಂದರ್ಶನದ ದಿನ ಒಬ್ಬರು ಗಡಿಯಾರ ನೋಡಿದರು.
ಇನ್ನೊಬ್ಬರು ಬಹಳ ಕರುಣೆಯಿಂದ,
‘ಲ್ಯಾಬಿನ ಕೆಲಸ ನೋಡಬಹುದಲ್ಲ?
ರಕ್ತದ ಸೀಸೆಗಳು ಪ್ರಶ್ನೆ ಕೇಳುವುದಿಲ್ಲ’ ಎಂದರು.
ನಾನು ಉತ್ತರ ಕೊಟ್ಟೆ. ನಲವತ್ತು ಸೆಕೆಂಡು ಹಿಡಿಯಿತು.
‘ಇಲ್ಲ’ ಎಂಬ ಒಂದೇ ಪದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ,
ನನ್ನದು ಆಡುವ ಮೊದಲೇ ಹೋಗುತ್ತದೆ
ಎದುರಿಗಿದ್ದವರ ಬಾಯಿಗೆ.
ಎಷ್ಟು ಜನ ನನ್ನ ವಾಕ್ಯ ಮುಗಿಸಿಕೊಟ್ಟಿದ್ದಾರೆ
ಪುಣ್ಯ ಕಟ್ಟಿಕೊಳ್ಳುವವರ ಹಾಗೆ!
ಜೀನ್ ಕೌವಿ ಮಾತ್ರ ಮುಗಿಸುವುದಿಲ್ಲ.
ನಿವೃತ್ತಿಗೆ ಏಳು ತಿಂಗಳು ಬಾಕಿ ಅವಳಿಗೆ.
ನಾನು ಸಿಕ್ಕಿಬಿದ್ದಾಗ ಸೀಸೆಯನ್ನು ನೋಡುತ್ತಾಳೆ,
ನನ್ನ ಬಾಯನ್ನಲ್ಲ.
ಯಾಕೆಂದು ಕೇಳಿದ್ದೆ ಒಮ್ಮೆ.
‘ನಾನು ಹೇಳಿಕೊಟ್ಟರೆ ಓದಿದವಳು ಒಬ್ಬಳೇ ಆದ ಹಾಗೆ.
ನಿಯಮ ಇಬ್ಬರದು’ ಎಂದಳು, ಚಹಾ ಕಲಕುತ್ತ.

ಈ ರಾತ್ರಿ ನಾಲ್ಕನೇ ಹಾಸಿಗೆ. ಅಲೆಕ್ ಡಥಿ.
ನಲವತ್ತು ವರ್ಷ ಉತ್ತರ ಸಮುದ್ರದಲ್ಲಿ ಬಲೆ ಎಳೆದವನು;
ಈಗ ಮೂಳೆಯೊಳಗಿನ ಕ್ಯಾನ್ಸರ್ ಅವನನ್ನು ಎಳೆಯುತ್ತಿದೆ.
ಹಾಸಿಗೆಯ ಪಕ್ಕದಲ್ಲಿ ಮತ್ತೊಮ್ಮೆ ಓದಬೇಕು.
ಅವನ ಹೆಸರು, ಹುಟ್ಟಿದ ದಿನ, ಸರಾಗ.
ಆಮೇಲೆ
ಮ್

ತುಟಿಗೆ ಬೀಗ ಬಿತ್ತು.
ಒಂದು. ಎರಡು. ಮೂರು.
ಎಣಿಸುವುದು ನನ್ನ ಕೆಟ್ಟ ಚಾಳಿ.
ತರಗತಿಯಲ್ಲಿ ಯಾರೂ ಇದನ್ನು ಹೇಳಿರಲಿಲ್ಲ:
ಮಾತು ನನ್ನದು, ಅದು ತಡವಾದರೆ
ದಂಡ ತೆರುವುದು ಇನ್ನೊಬ್ಬರ ಮೂಳೆ.
ಏಳು. ಎಂಟು.
ಸಿರಿಂಜು ನನ್ನ ಕೈಯಲ್ಲಿ, ಜೀನಳ ಕಣ್ಣು ಸೀಸೆಯಲ್ಲಿ.
ಡಥಿ ದಿಂಬಿನ ಅಂಚು ಹಿಡಿದು ಹಲ್ಲು ಕಚ್ಚಿ ಅಂದ:
‘ನಿಧಾನ, ಹುಡುಗಿ.
ಆದರೆ ಸ್ವಲ್ಪ ಬೇಗ.’

ನಗು ಬಂತು ನನಗೆ.
ನಗಬೇಕಾದರೆ ತುಟಿ ಬಿಡಲೇಬೇಕು.
ಆ ಸಂದಿನಲ್ಲಿ ಜಾರಿ ಬಂತು: ಮಾರ್ಫಿನ್.
ಐದು ಮಿ, ಮಿ, ಮಿಲಿಗ್ರಾಂ.
ಇರಲಿ. ಐದು ಐದೇ.

ದಪ್ಪ ಪುಸ್ತಕದಲ್ಲಿ ಇಬ್ಬರೂ ಸಹಿ ಹಾಕಿದೆವು.
ಹೊತ್ತು ಬರೆಯಲು ಅದರಲ್ಲಿ ಅಂಕಣವುಂಟು,
ಹನ್ನೊಂದು ಸೆಕೆಂಡು ಬರೆಯಲು ಇಲ್ಲ.
ಡಥಿಯ ಮುಷ್ಟಿ ಸಡಿಲವಾಗುವವರೆಗೆ ನಿಂತಿದ್ದೆ.
ಆಗ ಯಾರೂ ಮಾತಾಡಬೇಕಾಗಿರಲಿಲ್ಲ.

ಏಳು ಗಂಟೆಗೆ ಹಗಲು ಪಾಳಿಯವರು ಬರುತ್ತಾರೆ.
ಹದಿನಾಲ್ಕು ಹಾಸಿಗೆಯ ವರದಿ ಒಪ್ಪಿಸಬೇಕು ನಾನು.
ಆರರಲ್ಲಿ ಮಾರ್ಗರೆಟ್,
ಒಂಬತ್ತರಲ್ಲಿ ಮ್ಯೂರಿಯಲ್,
ಹದಿಮೂರರಲ್ಲಿ ನಿನ್ನೆ ಸೇರಿದ ಮ್ಯಾಕ್‌ಮಿಲನ್.

ಕುರ್ಚಿಗಳನ್ನು ಈಗಲೇ ಎಳೆದಿಡುತ್ತಿದ್ದೇನೆ.
ಕೂತು ಕೇಳಲಿ.